ಕಳೆದುಹೋದ ಕೀಲಿಕೈಗೂ ಪ್ರಾರ್ಥನೆ ಮಾಡಬಹುದಾ?

ಪ್ರಶ್ನೆ: ನಾನು ಚಿಕ್ಕಂದಿನಿಂದ ಪ್ರಾರ್ಥನೆ ಮಾಡಿಕೊಂಡು ಬಂದವಳು. ಕೀಲಿಕೈ ಕಳೆದರೂ, ಮಗುವಿಗೆ ನೆಗಡಿಯಾದರೂ ಮನಸ್ಸಿನಲ್ಲೇ ‘ಕರ್ತನೇ’ ಅನ್ನುವುದು ರೂಢಿ. ಹೋದ ತಿಂಗಳು ಪ್ರಾರ್ಥನಾ ಕೂಟದಲ್ಲಿ, “ನಾಳೆ ಆಫೀಸಿನಲ್ಲಿ ಎಲ್ಲರ ಮುಂದೆ ಮಾತಾಡಬೇಕು, ತುಂಬಾ ಭಯವಾಗ್ತಿದೆ, ನನಗಾಗಿ ಪ್ರಾರ್ಥನೆ ಮಾಡಿ” ಎಂದು ಕೇಳಿಕೊಂಡೆ. ಅಲ್ಲಿದ್ದ ಒಬ್ಬ ಹಿರಿಯರು, “ಲೋಕದಲ್ಲಿ ಯುದ್ಧ, ಹಸಿವು ಇಷ್ಟೆಲ್ಲ ಇರುವಾಗ ಇಂಥ ಸಣ್ಣಪುಟ್ಟದ್ದಕ್ಕೆ ದೇವರನ್ನು ತೊಂದರೆಪಡಿಸಬಾರದಮ್ಮ” ಎಂದರು. ಅವತ್ತಿನಿಂದ ಬಾಯಿ ಕಟ್ಟಿದ ಹಾಗಾಗಿದೆ. ಅವರು ಹೇಳಿದ್ದು ಸರಿಯಾ? ದೇವರಿಗೆ ಎಲ್ಲವೂ ಮೊದಲೇ ಗೊತ್ತಲ್ವಾ, ಹಾಗಿದ್ದ ಮೇಲೆ ಇದನ್ನೆಲ್ಲ ಹೇಳುವುದಾದರೂ ಯಾಕೆ? ಇಷ್ಟು ಸಣ್ಣ ವಿಷಯಕ್ಕೆ ನಿಮ್ಮ ಸಮಯ ಹಾಳು ಮಾಡಿದ್ದರೆ ಕ್ಷಮಿಸಿ.

ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರದ ಕೊನೆಯ ಸಾಲನ್ನು ಎರಡು ಸಲ ಓದಿದೆ. ಪ್ರಶ್ನೆ ಕೇಳಿದ್ದಕ್ಕೇ ಕ್ಷಮೆ ಕೇಳಿದ್ದೀರಿ. ನನ್ನ ಹತ್ತಿರವೇ ಇಷ್ಟು ಸಂಕೋಚವಾದರೆ, ಈ ಒಂದು ತಿಂಗಳು ದೇವರ ಮುಂದೆ ಹೇಗೆ ಕೂತಿದ್ದೀರೋ ಎಂದು ಯೋಚಿಸಿ ನೋವಾಯಿತು. ಹಾಗಾಗಿ ಮೊದಲು ನೇರವಾಗಿ ಉತ್ತರ ಹೇಳಿಬಿಡುತ್ತೇನೆ. ಹೌದು, ಕೀಲಿಕೈಯನ್ನೂ ದೇವರ ಹತ್ತಿರ ತರಬಹುದು. ನೆಗಡಿಯನ್ನೂ, ಆಫೀಸಿನ ಭಯವನ್ನೂ ತರಬಹುದು. ‘ಬಹುದು’ ಅನ್ನುವುದು ಕೂಡ ಸಾಲದು. ತರಲೇಬೇಕು ಎನ್ನುತ್ತೇನೆ ನಾನು. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆ ಹಿರಿಯರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ದೇವರು ದೊಡ್ಡವನು, ಆತನ ಮುಂದೆ ಭಯಭಕ್ತಿಯಿಂದ ಇರಬೇಕು ಎಂಬುದು ಅವರ ಮನಸ್ಸಿನಲ್ಲಿ ಇದ್ದಿರಬೇಕು. ಅವರ ಮಾತಿನಲ್ಲಿ ಒಂದು ಪಾಲು ನಿಜವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಆ ಮಾತಿನ ಅಡಿಯಲ್ಲಿ ದೇವರ ಒಂದು ಚಿತ್ರ ಅಡಗಿದೆ ನೋಡಿ. ಒಬ್ಬ ದೊಡ್ಡ ಅಧಿಕಾರಿ. ಅವರ ಬಾಗಿಲ ಮುಂದೆ ಉದ್ದ ಸಾಲು. ಮೇಜಿನ ಮೇಲೆ ಅರ್ಜಿಗಳ ರಾಶಿ. ನನ್ನ ಅರ್ಜಿ ಮೇಲೆ ಬಂದರೆ ಇನ್ನೊಬ್ಬರದು ಕೆಳಗೆ ಹೋಗುತ್ತದೆ. ನನ್ನ ಕೀಲಿಕೈ ಹುಡುಕಿಕೊಡುವ ಹೊತ್ತಿಗೆ ಎಲ್ಲೋ ಒಂದು ಹಸಿದ ಮಗುವಿನ ಕೂಗು ಆತನ ಕಿವಿಗೆ ಬೀಳದೆ ಹೋಗಬಹುದು. ಹೀಗೆ ಯೋಚಿಸಿದರೆ ಸಂಕೋಚವಾಗದೆ ಇನ್ನೇನು?

ಈ ಚಿತ್ರ ದೇವರಿಗೆ ಗೌರವ ಕೊಡುವ ಹಾಗೆ ಕಾಣುತ್ತದೆ. ನಿಜವಾಗಿ ಆತನನ್ನು ಚಿಕ್ಕವನನ್ನಾಗಿ ಮಾಡುತ್ತದೆ. ಸಮಯ ಸಾಲದೆ ಹೋಗುವುದು, ಗಮನ ಹಂಚಿಹೋಗುವುದು ಇದೆಲ್ಲ ಮನುಷ್ಯರ ಕಷ್ಟ. ಕೀರ್ತನೆ 147ನ್ನು ತೆಗೆದು ನೋಡಿ. ಮೂರನೇ ವಚನದಲ್ಲಿ ದೇವರು ಮನಮುರಿದವರ ಗಾಯ ಕಟ್ಟುತ್ತಾನೆ. ನಾಲ್ಕನೇ ವಚನದಲ್ಲಿ ನಕ್ಷತ್ರಗಳನ್ನು ಎಣಿಸಿ ಒಂದೊಂದಕ್ಕೂ ಹೆಸರಿಡುತ್ತಾನೆ. ಗಾಯದ ಪಟ್ಟಿ, ಪಕ್ಕದಲ್ಲೇ ಆಕಾಶದ ಲೆಕ್ಕ! ಮೊದಲು ನಕ್ಷತ್ರ, ಪುರುಸೊತ್ತಿದ್ದರೆ ಗಾಯ ಎಂದು ಕೀರ್ತನೆಗಾರ ಹಾಡಲಿಲ್ಲ. ದೇವರ ದೊಡ್ಡತನ ಅಂದರೆ ಸಣ್ಣದನ್ನು ಬಿಟ್ಟುಬಿಡುವ ದೊಡ್ಡತನ ಅಲ್ಲ. ಯಾವುದನ್ನೂ ಬಿಡದಷ್ಟು ದೊಡ್ಡತನ ಅದು.

ಯೇಸು ಗುಬ್ಬಿಗಳ ಬಗ್ಗೆ ಹೇಳಿದ ಮಾತು ನಿಮಗೆ ಗೊತ್ತೇ ಇದೆ. ಅದರಲ್ಲಿ ಒಂದು ಲೆಕ್ಕ ಇದೆ, ಅದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ 12ನೇ ಅಧ್ಯಾಯದಲ್ಲಿ ಎರಡು ಕಾಸಿಗೆ ಐದು ಗುಬ್ಬಿ. ಒಂದಕ್ಕೆ ಎರಡಾದರೆ ಎರಡಕ್ಕೆ ನಾಲ್ಕಾಗಬೇಕಿತ್ತು. ಐದನೆಯದು ಎಲ್ಲಿಂದ ಬಂತು? ಜಾಸ್ತಿ ಕೊಂಡವರಿಗೆ ಮಾರುವವನು ಸುಮ್ನೆ ಕೊಟ್ಟದ್ದು. ಅದಕ್ಕೆ ಬೆಲೆಯೇ ಇಲ್ಲ. ಈ ಕಾಸು ಎಂದದ್ದು ಅಸ್ಸಾರಿಯನ್ ಎಂಬ ರೋಮನ್ ಚಿಲ್ಲರೆ ನಾಣ್ಯ. ಅಂಥ 16 ಸೇರಿದರೆ ಒಂದು ದಿನಾರಿ, ಅಂದರೆ ಕೂಲಿಯವನ ಒಂದು ದಿನದ ಸಂಬಳ. ಆ ಚಿಲ್ಲರೆ ಕೂಡ ಬೀಳದ ಐದನೆಯ ಗುಬ್ಬಿಯನ್ನು ಎದುರಿಗಿಟ್ಟುಕೊಂಡೇ ಯೇಸು ಹೇಳುತ್ತಾನೆ, ಇವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ ಎಂದು. ಅದಾದ ಮೇಲೆ ನಿಮ್ಮ ತಲೆಕೂದಲಿನ ಮಾತು ತೆಗೆಯುತ್ತಾನೆ. ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ನಾವೇ ಎಣಿಸುವುದಿಲ್ಲ. ದೇವರ ಹತ್ತಿರ ಲೆಕ್ಕ ಇದೆ. ಹೀಗಿರುವಾಗ ‘ಇದು ತುಂಬಾ ಸಣ್ಣದು’ ಎಂದು ತೀರ್ಮಾನಿಸುವ ಕೆಲಸ ನಮಗೆ ಯಾರು ಕೊಟ್ಟರು?

‘ಲೋಕದಲ್ಲಿ ಯುದ್ಧ ಇರುವಾಗ’ ಎಂಬ ಮಾತು ನಿಮ್ಮನ್ನು ಜಾಸ್ತಿ ಚುಚ್ಚಿದೆ ಅನಿಸುತ್ತದೆ. ಅದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಘಟನೆ ಹೇಳುತ್ತೇನೆ. 2 ಅರಸುಗಳು 6ನೇ ಅಧ್ಯಾಯದ ಆರಂಭದ ಏಳು ವಚನಗಳು. ಪ್ರವಾದಿಗಳ ಶಿಷ್ಯರಿಗೆ ಇರಲು ಜಾಗ ಸಾಲದು. ಎಲ್ಲರೂ ಸೇರಿ ಮನೆ ಕಟ್ಟೋಣ ಎಂದು ಯೊರ್ದನ್ ಹೊಳೆಯ ದಡಕ್ಕೆ ಹೋಗಿ ಮರ ಕಡಿಯುತ್ತಾರೆ. ಒಬ್ಬನ ಕೊಡಲಿ ಕಾವಿನಿಂದ ಕಳಚಿ ನೀರಿಗೆ ಬೀಳುತ್ತದೆ. ಅವನು ‘ಅಯ್ಯೋ’ ಎಂದು ಕೂಗಿಕೊಳ್ಳುತ್ತಾನೆ. ಕಾರಣವನ್ನೂ ಅವನೇ ಹೇಳುತ್ತಾನೆ, ಅದು ಕೇಳಿ ತಂದದ್ದು. ಬೇರೆಯವರ ವಸ್ತು. ಕಬ್ಬಿಣ ಆಗ ಸುಲಭಕ್ಕೆ ಸಿಗುವಂಥದ್ದಲ್ಲ. ಹೋಗಿ ಏನು ಮುಖ ತೋರಿಸುವುದು, ಎಲ್ಲಿಂದ ತಂದು ಕೊಡುವುದು ಎಂಬ ಸಂಕಟ. ಅವರ ಗುರು, ಪ್ರವಾದಿ ಎಲೀಷ ಅವನನ್ನು ಬೈಯಲಿಲ್ಲ. “ಎಲ್ಲಿ ಬಿತ್ತು?” ಎಂದು ಕೇಳಿದ. ಆ ಜಾಗ ತೋರಿಸಿದ ಮೇಲೆ ಒಂದು ಕಟ್ಟಿಗೆ ಕಡಿದು ಅಲ್ಲಿಗೆ ಎಸೆದ. ಕಬ್ಬಿಣ ತೇಲಿತು. “ತಗೋ” ಎಂದ. ಅವನು ಕೈಚಾಚಿ ತೆಗೆದುಕೊಂಡ. ಕಥೆ ಮುಗಿಯಿತು.

ಈಗ ಇದು ಎಲ್ಲಿದೆ ನೋಡಿ. ಹಿಂದಿನ ಅಧ್ಯಾಯದಲ್ಲಿ ಅರಾಮ್ ದೇಶದ ಸೇನಾಪತಿ ನಾಮಾನನ ಕುಷ್ಠ ವಾಸಿಯಾಗುತ್ತದೆ. ಅದು ಎರಡು ದೇಶಗಳ ಅರಸರವರೆಗೆ ಹೋದ ಸಂಗತಿ. ಕೊಡಲಿಯ ಕಥೆ ಮುಗಿದ ಮರುವಚನಕ್ಕೇ ಯುದ್ಧ ಶುರು. ಅದೇ ಅಧ್ಯಾಯದ ಕೊನೆಗೆ ಸಮಾರ್ಯಕ್ಕೆ ಮುತ್ತಿಗೆ, ಭೀಕರ ಬರ. ಸೇನಾಪತಿಯ ಕಾಯಿಲೆ, ಯುದ್ಧ, ಹಸಿವು, ಇವುಗಳ ನಡುವೆ ಒಬ್ಬ ಬಡ ಶಿಷ್ಯನ ಕೊಡಲಿ. ಅವನ ಹೆಸರು ಕೂಡ ಬರೆದಿಲ್ಲ. ಇಷ್ಟು ದೊಡ್ಡ ಸುದ್ದಿಗಳಿರುವಾಗ ಕೊಡಲಿಗೆ ಯಾಕೆ ಜಾಗ ಎಂದು ಬರೆದವನು ಯೋಚಿಸಲಿಲ್ಲ. ನಿಮ್ಮ ಹಿರಿಯರು ಹೇಳಿದ ಯುದ್ಧ ಮತ್ತು ಹಸಿವು ಎರಡೂ ಆ ಪುಟದಲ್ಲೇ ಇವೆ, ಕೊಡಲಿಯೂ ಇದೆ. ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಗೊತ್ತಿಲ್ಲ.

ಯೇಸುವಿನ ಜೀವನದಲ್ಲೂ ಹೀಗೇ. ಯೋಹಾನನ ಸುವಾರ್ತೆಯ ಪ್ರಕಾರ ಆತನ ಮೊದಲ ಸೂಚಕಕಾರ್ಯ ನಡೆದದ್ದು ಮದುವೆಮನೆಯಲ್ಲಿ. ಅಲ್ಲಿ ಯಾರೂ ಸಾಯುತ್ತಿರಲಿಲ್ಲ. ದ್ರಾಕ್ಷಾರಸ ಮುಗಿದಿತ್ತು, ಅಷ್ಟೇ. ಒಂದು ಕುಟುಂಬದ ಮಾನದ ಪ್ರಶ್ನೆ. ತಾಯಿ ಮರಿಯಳು ಆತನಿಗೆ ಹೇಳಿದ್ದೂ ಒಂದೇ ಮಾತು, ಅವರಲ್ಲಿ ದ್ರಾಕ್ಷಾರಸ ಇಲ್ಲ ಎಂದು. ಹೀಗೆ ಮಾಡು, ಹಾಗೆ ಮಾಡು ಎನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇನ್ನು ಯಾಯೀರನ ಮಗಳ ಸಂಗತಿ. ಸತ್ತುಹೋಗಿದ್ದ 12 ವರ್ಷದ ಹುಡುಗಿ ಎದ್ದು ಓಡಾಡುತ್ತಿದ್ದಾಳೆ. ಮನೆಯವರೆಲ್ಲ ಬೆರಗಾಗಿ ನಿಂತಿದ್ದಾರೆ. ಆಗ ಯೇಸು, ಇವಳಿಗೆ ಊಟಕ್ಕೆ ಏನಾದರೂ ಕೊಡಿ ಎನ್ನುತ್ತಾನೆ. ಸಾವನ್ನು ಗೆದ್ದ ಆ ಗಳಿಗೆಯಲ್ಲೂ ಆ ಮಗುವಿಗೆ ಹಸಿವಾಗಿರುತ್ತದೆ ಎಂದು ನೆನಪಾದದ್ದು ಆತನೊಬ್ಬನಿಗೇ. ಮಾರ್ಕನ 5ನೇ ಅಧ್ಯಾಯದ ಕೊನೆಯ ಸಾಲು ಅದು. ಆ ಸಾಲಿಗೆ ಬಂದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಸಣ್ಣದನ್ನು ಬೇಡಿದರೆ ಲೋಕದ ನೋವನ್ನು ಮರೆತ ಹಾಗಲ್ವಾ ಎಂದು ನಿಮಗೆ ಇನ್ನೂ ಅನಿಸಬಹುದು. ಕರ್ತನು ಕಲಿಸಿದ ಪ್ರಾರ್ಥನೆಯನ್ನೇ ನಿಧಾನವಾಗಿ ಹೇಳಿ ನೋಡಿ. ನಿನ್ನ ನಾಮ, ನಿನ್ನ ರಾಜ್ಯ, ನಿನ್ನ ಚಿತ್ತ. ಇದಕ್ಕಿಂತ ದೊಡ್ಡ ಬೇಡಿಕೆಗಳಿಲ್ಲ. ಅದರ ಬೆನ್ನಿಗೇ ಈ ಹೊತ್ತಿನ ರೊಟ್ಟಿ. ಮಧ್ಯೆ ಕ್ಷಮೆ ಕೇಳುವ ಮಾತಿಲ್ಲ, ‘ಸಣ್ಣ ವಿಷಯ, ಆದರೂ’ ಎಂಬ ಪೀಠಿಕೆ ಇಲ್ಲ. ನಾವು ‘ಅನುದಿನದ’ ಎಂದು ಓದುವ ಗ್ರೀಕ್ ಪದ ಬಹಳ ಅಪರೂಪದ್ದು. ಗ್ರೀಕರ ಬರಹಗಳಲ್ಲಿ ಈ ಪದವೇ ಇಲ್ಲ, ಸುವಾರ್ತೆ ಬರೆದವರೇ ಇದನ್ನು ಕಟ್ಟಿದ ಹಾಗಿದೆ ಎಂದು 3ನೇ ಶತಮಾನದಲ್ಲೇ ಒರಿಜೆನ್ ಎಂಬ ಕ್ರೈಸ್ತ ಪಂಡಿತ ಹೇಳಿದ್ದ. ಅದರ ಅರ್ಥದ ಬಗ್ಗೆ ಪಂಡಿತರ ಚರ್ಚೆ ಇವತ್ತಿಗೂ ನಡೆದಿದೆ. ಅದೇನೇ ಇರಲಿ, ರೊಟ್ಟಿ ಎಂಬ ಪದದ ಬಗ್ಗೆ ಅನುಮಾನವಿಲ್ಲ. ಅದು ಹೊಟ್ಟೆಗೆ ತಿನ್ನುವ ಸಾಮಾನ್ಯ ರೊಟ್ಟಿ.

ಮಾರ್ಟಿನ್ ಲೂಥರ್ 1529ರಲ್ಲಿ ಮನೆಮಂದಿಗಾಗಿ ಒಂದು ಚಿಕ್ಕ ಪ್ರಶ್ನೋತ್ತರ ಬರೆದ. ಅನುದಿನದ ರೊಟ್ಟಿ ಅಂದರೆ ಏನು ಎಂಬ ಪ್ರಶ್ನೆಗೆ ಅಲ್ಲಿ ಉದ್ದ ಪಟ್ಟಿಯನ್ನೇ ಕೊಡುತ್ತಾನೆ. ಊಟ, ಬಟ್ಟೆ, ಕಾಲಿಗೆ ಹಾಕುವ ಜೋಡು, ಮನೆ, ಹೊಲ, ದನಕರು, ಹಣ, ಒಳ್ಳೆಯ ಹವಾಮಾನ, ಶಾಂತಿ, ಆರೋಗ್ಯ, ಒಳ್ಳೆಯ ಸ್ನೇಹಿತರು, ನಂಬಿಕಸ್ಥ ನೆರೆಯವರು. ಜೋಡೂ ಇದೆ, ಶಾಂತಿಯೂ ಇದೆ, ಒಂದೇ ಪಟ್ಟಿಯಲ್ಲಿ. ಇನ್ನೊಂದು ವಿಷಯ. ಆ ಪ್ರಾರ್ಥನೆಯಲ್ಲಿ ‘ನನಗೆ’ ಎಂಬ ಪದ ಇಲ್ಲ, ‘ನಮಗೆ’ ಎಂದಿದೆ. ನಿಮ್ಮ ಮಗುವಿನ ನೆಗಡಿಯನ್ನು ದೇವರ ಮುಂದೆ ಇಟ್ಟಾಗ, ಜ್ವರ ಬಂದ ಮಗುವಿಗೆ ಔಷಧಿ ಸಿಗದ ತಾಯಿಯೊಬ್ಬಳು ನೆನಪಾದರೆ ಅವಳ ಹೆಸರು ಗೊತ್ತಿಲ್ಲದಿದ್ದರೂ ಅವಳಿಗಾಗಿಯೂ ಒಂದು ಮಾತು ಸೇರಿಸಿ. ನನ್ನ ಅನುಭವದಲ್ಲಿ ಸಣ್ಣದನ್ನು ಬೇಡುವವರೇ ದೊಡ್ಡದನ್ನೂ ಬೇಡುತ್ತಾರೆ. ಮಗುವಿನ ಪಕ್ಕ ರಾತ್ರಿಯೆಲ್ಲ ಎಚ್ಚರವಿದ್ದು ಪ್ರಾರ್ಥಿಸಿದವಳಿಗೆ ಇನ್ನೊಬ್ಬ ತಾಯಿಯ ಸಂಕಟ ಹೇಳಿಕೊಡಬೇಕಾಗಿಲ್ಲ.

ದೇವರಿಗೆ ಮೊದಲೇ ಗೊತ್ತಲ್ವಾ ಎಂದಿರಿ. ಗೊತ್ತು. ಯೇಸುವೇ ಹಾಗೆ ಹೇಳಿದ್ದಾನೆ, ಮತ್ತಾಯ 6:8ರಲ್ಲಿ. ಆದರೆ ಆ ಮಾತಿನ ಮುಂದಿನ ಸಾಲು, ಆದ್ದರಿಂದ ಬೇಡಬೇಡಿ ಎಂದಲ್ಲ. ಆದ್ದರಿಂದ ಹೀಗೆ ಪ್ರಾರ್ಥಿಸಿ ಎಂದು. ಗೊತ್ತಿರುವ ತಂದೆ, ಅದಕ್ಕೇ ಧೈರ್ಯವಾಗಿ ಕೇಳಿ ಎಂಬ ಅರ್ಥ. ಕುರುಡ ಬಾರ್ತಿಮಾಯನನ್ನು ಹತ್ತಿರ ಕರೆಸಿಕೊಂಡು, ನಾನು ನಿನಗೆ ಏನು ಮಾಡಬೇಕು ಎಂದು ಯೇಸು ಕೇಳಿದ್ದು ನೆನಪಿದೆಯಾ? ಆ ಮನುಷ್ಯನಿಗೆ ಏನು ಬೇಕು ಎಂದು ದಾರಿಯಲ್ಲಿ ನಿಂತ ಯಾರಿಗೂ ಗೊತ್ತಿತ್ತು. ಆದರೂ ಆತ ಕೇಳಿದ. ಬಾರ್ತಿಮಾಯ ತನ್ನ ಬಾಯಿಂದ ಹೇಳಬೇಕಿತ್ತು.

ಇದೇ ಪ್ರಶ್ನೆ 1,600 ವರ್ಷಗಳ ಹಿಂದೆ ಪ್ರೋಬಾ ಎಂಬ ವಿಧವೆಗೂ ಬಂದಿತ್ತು. ರೋಮ್ ನಗರ ಶತ್ರುಗಳ ಕೈಗೆ ಸಿಕ್ಕಿ ಲೂಟಿಯಾದ ಮೇಲೆ ಆಕೆ ಆಫ್ರಿಕಾಕ್ಕೆ ಬಂದು ನೆಲೆಸಿದ್ದಳು. ಹೇಗೆ ಪ್ರಾರ್ಥಿಸಲಿ ಎಂದು ಅಲ್ಲಿನ ಬಿಷಪ್ ಅಗಸ್ಟೀನನಿಗೆ ಬರೆದಳು. ಆತ ಬರೆದ ಉತ್ತರದ ಸಾರ ಇಷ್ಟು: ದೇವರಿಗೆ ತಿಳಿಸಲಿಕ್ಕೆಂದು ನಾವು ಕೇಳುವುದಲ್ಲ, ಕೇಳುತ್ತ ಕೇಳುತ್ತ ನಮ್ಮ ಹಂಬಲ ಬೆಳೆಯುತ್ತದೆ, ಆತನು ಕೊಡುವುದನ್ನು ಹಿಡಿಸಿಕೊಳ್ಳುವಷ್ಟು ನಮ್ಮ ಮನಸ್ಸು ಅಗಲವಾಗುತ್ತದೆ.

ಇದಕ್ಕೆ ನಾನು ಇನ್ನೊಂದು ಮಾತು ಸೇರಿಸುತ್ತೇನೆ, ನನ್ನ ಬದುಕಿನಿಂದ ಕಲಿತದ್ದು. ಹೇಳಿದಾಗ ಮಾತ್ರ ಅದರ ಒಳಗಿರುವುದು ಕಾಣುತ್ತದೆ. ಸೇವೆಗೆ ಬಂದ ಮೊದಲ ವರ್ಷಗಳಲ್ಲಿ ನಾನೂ ನಿಮ್ಮ ಹಿರಿಯರ ಹಾಗೆಯೇ ಯೋಚಿಸುತ್ತಿದ್ದೆ. ನನ್ನ ಪ್ರಾರ್ಥನೆಗಳಲ್ಲಿ ದೇಶಗಳಿದ್ದವು, ಸಭೆ ಇತ್ತು, ನಾನು ಇರಲಿಲ್ಲ. ಆಗ ಕೆಲವು ವಾರ ನನಗೆ ನಿದ್ದೆ ಬರುತ್ತಿರಲಿಲ್ಲ. ಕಾರಣ ಹೇಳಿಕೊಳ್ಳಲೂ ನಾಚಿಕೆ. ಜೊತೆಗೆ ಕೆಲಸ ಮಾಡುವ ಒಬ್ಬರು ಒಂದು ದಿನ ನನ್ನ ವಂದನೆಗೆ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಇಷ್ಟಕ್ಕೆಲ್ಲ ದೇವರ ಹತ್ತಿರ ಹೋಗುವುದಾ ಎಂದು ಸುಮ್ಮನಿದ್ದೆ. ಒಂದು ರಾತ್ರಿ ಸಾಕಾಗಿ ಹೋಗಿ, “ಕರ್ತನೇ, ಅವರು ನನ್ನನ್ನು ನೋಡಿಯೂ ನೋಡದ ಹಾಗೆ ಹೋದರು, ನನಗೆ ನೋವಾಗಿದೆ” ಎಂದೆ. ಬಾಯಿಬಿಟ್ಟು ಹಾಗೆ ಹೇಳಿದ ಮೇಲೆ ಅದರ ಕೆಳಗಿದ್ದದ್ದು ಹೊರಗೆ ಬಂತು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅವರು ಮೆಚ್ಚಿದರೆ ಮಾತ್ರ ನಾನು ಏನೋ ಒಂದು ಎಂಬ ಭಾವನೆ ಇತ್ತು. ಎಷ್ಟೋ ತಿಂಗಳಿಂದ ಒಳಗೆ ಕೂತಿದ್ದ ದೊಡ್ಡ ವಿಷಯ ಅದು. ಆ ‘ಸಣ್ಣ’ ವಂದನೆಯ ಮಾತನ್ನು ತರದೆ ಇದ್ದಿದ್ದರೆ ಅದೂ ದೇವರ ಮುಂದೆ ಬರುತ್ತಿರಲಿಲ್ಲ.

ಅವತ್ತಿನಿಂದ ಸಣ್ಣ ಚಿಂತೆ ಎಂದು ಕೇಳಿದರೆ ನನಗೆ ಮಡಕೆಯ ಮೇಲಿನ ಮುಚ್ಚಳ ನೆನಪಾಗುತ್ತದೆ. ಮುಚ್ಚಳ ಎತ್ತದೆ ಒಳಗೇನಿದೆ ಎಂದು ಗೊತ್ತಾಗುವುದಿಲ್ಲ. ಮಾರ್ಥಳ ಕಥೆಯಲ್ಲೂ ಇದೇ ಆದದ್ದು. ಅವಳು ಕೆಲಸದ ನಡುವಿನಿಂದ ಎದ್ದು ಬಂದು, ತಂಗಿ ನನ್ನೊಬ್ಬಳಿಗೇ ಎಲ್ಲ ಕೆಲಸ ಬಿಟ್ಟಿದ್ದಾಳೆ, ನಿನಗೆ ಚಿಂತೆಯಿಲ್ಲವೇ ಎಂದು ಯೇಸುವನ್ನೇ ಕೇಳಿದಳು. ಯೇಸು ಅವಳು ಕೇಳಿದ್ದನ್ನು ಮಾಡಲಿಲ್ಲ ನಿಜ. ಆದರೆ ಎರಡು ಸಲ ಹೆಸರು ಹಿಡಿದು ಕರೆದ, “ಮಾರ್ಥಳೇ, ಮಾರ್ಥಳೇ.” ಆಮೇಲೆ ಅವಳ ಒಳಗಿನ ಗಲಿಬಿಲಿಯನ್ನು ಅವಳಿಗೇ ತೋರಿಸಿದ. ಈ ಕಥೆಯನ್ನು ಮಾರ್ಥಳಿಗೆ ಬೈಗುಳ ಎಂಬಂತೆ ಬೋಧಿಸುವುದನ್ನು ಕೇಳಿದ್ದೇನೆ. ನನಗೆ ಹಾಗೆ ಅನಿಸುವುದಿಲ್ಲ. ಅವಳು ದೂರನ್ನು ಸರಿಯಾದ ಜಾಗಕ್ಕೇ ತಂದಳು. ಒಳಗೇ ಗೊಣಗಿಕೊಂಡು ಇದ್ದಿದ್ದರೆ ಆ ಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ.

ನಿಮ್ಮ ಆಫೀಸಿನ ಭಯವೂ ಹೀಗೇ ಇರಬಹುದು. ಒಂದು ದಿನದ ಮಾತಿನ ಭಯವೋ, ತಪ್ಪಾದರೆ ಜನ ಏನಂದುಕೊಳ್ಳುತ್ತಾರೋ ಎಂಬ ಹಳೆಯ ಭಯವೋ, ನನಗೆ ಗೊತ್ತಿಲ್ಲ. ಅದನ್ನು ನೀವು ಮತ್ತು ದೇವರು ಕೂತು ನೋಡಬೇಕು.

ಈಗ ಹಿರಿಯರ ಮಾತಿನ ನಿಜದ ಪಾಲಿಗೆ ಬರುತ್ತೇನೆ. ಸಣ್ಣ ವಿಷಯ ತರುವುದು ಬೇರೆ, ದೇವರನ್ನು ಕೆಲಸದ ಆಳಿನ ಹಾಗೆ ನೋಡುವುದು ಬೇರೆ. ಕೇಳಿದ ತಕ್ಷಣ ಕೀಲಿಕೈ ಸಿಗಬೇಕು, ಸಿಗದಿದ್ದರೆ ದೇವರು ಕೇಳಲಿಲ್ಲ ಎಂದಾದರೆ ಅಲ್ಲಿ ತಂದೆ ಇಲ್ಲ, ಯಂತ್ರ ಇದೆ. ಯಾಕೋಬನ ಪತ್ರಿಕೆ ಎರಡನ್ನೂ ಒಟ್ಟಿಗೆ ಹೇಳುತ್ತದೆ: ನೀವು ಬೇಡದೆ ಇರುವುದರಿಂದ ನಿಮಗೆ ಸಿಗುವುದಿಲ್ಲ, ಬೇಡಿದರೂ ಕೆಟ್ಟ ಉದ್ದೇಶದಿಂದ ಬೇಡುವುದರಿಂದ ಹೊಂದುವುದಿಲ್ಲ. ಪೌಲನು ತನ್ನ ಶರೀರದ ಮುಳ್ಳಿಗಾಗಿ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಮಾತು ಬಂತು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ತನಗೆ ಬೇಕಾದದ್ದನ್ನು ಮುಚ್ಚಿಡದೆ ಹೇಳಿದ, ಆಮೇಲೆ ತಂದೆಯ ಚಿತ್ತಕ್ಕೆ ಬಿಟ್ಟ. ಈ ಕ್ರಮ ಮುಖ್ಯ. ಬೇಕಾದದ್ದನ್ನು ಹೇಳದೆ ನೇರವಾಗಿ ‘ನಿನ್ನ ಚಿತ್ತ’ ಎನ್ನುವವರನ್ನು ನೋಡಿದ್ದೇನೆ. ಅದು ಭಕ್ತಿಯಂತೆ ಕಂಡರೂ ಎಷ್ಟೋ ಸಲ ಕೇಳಿ ಸಿಗದೆ ಹೋದರೆ ಎಂಬ ಅಳುಕು ಅದು.

ಇನ್ನೊಂದು ಎಚ್ಚರಿಕೆ ಸಾಕ್ಷಿ ಹೇಳುವುದರ ಬಗ್ಗೆ. ಕೀಲಿಕೈ ಸಿಕ್ಕರೆ ದೇವರಿಗೆ ಧಾರಾಳವಾಗಿ ಸ್ತೋತ್ರ ಹೇಳಿ. ಆದರೆ ಸಭೆಯಲ್ಲಿ ಎದ್ದು ನಿಂತು ಹೇಳುವ ಮುಂಚೆ ಪಕ್ಕದಲ್ಲಿ ಯಾರು ಕೂತಿದ್ದಾರೆ ನೋಡಿ. ಮಗುವನ್ನು ಕಳೆದುಕೊಂಡ ತಾಯಿ ಅಲ್ಲಿರಬಹುದು. “ನಾನು ಕೇಳಿದೆ, ದೇವರು ತಕ್ಷಣ ಕೊಟ್ಟ” ಎಂಬ ಮಾತು ಅವಳ ಎದೆಗೆ ಹೇಗೆ ತಾಗುತ್ತದೆ? ಯಾಕೆ ಒಬ್ಬರಿಗೆ ಕೀಲಿಕೈ ಸಿಗುತ್ತದೆ, ಇನ್ನೊಬ್ಬರಿಗೆ ಮಗು ಉಳಿಯುವುದಿಲ್ಲ ಎಂಬುದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ. ವಿವರಣೆ ಕೊಡುವವರನ್ನು ನಾನು ನಂಬುವುದೂ ಇಲ್ಲ. ಆ ತಾಯಿಯ ಪಕ್ಕ ಕೂತು ಅಳುವುದು ಗೊತ್ತು, ಅಷ್ಟೇ. ನಿಮ್ಮ ಹಿರಿಯರ ಮಾತು ಇಂಥ ನೋವನ್ನು ಹತ್ತಿರದಿಂದ ಕಂಡು ಬಂದದ್ದೂ ಇರಬಹುದು.

ಪ್ರಾರ್ಥನೆ ಮಾಡಿದೆ ಎಂದು ಕೈಕಟ್ಟಿ ಕೂರುವುದೂ ಬೇಡ. ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದ ನೆಹೆಮೀಯನ ಜನ ಪ್ರಾರ್ಥನೆ ಮಾಡಿದರು, ಹಗಲೂ ರಾತ್ರಿ ಕಾವಲೂ ಇಟ್ಟರು. ಎರಡೂ ಒಂದೇ ವಚನದಲ್ಲಿದೆ, ನೆಹೆಮೀಯ 4:9. ಯೇಸು ಹೇಳಿದ ಕಥೆಯಲ್ಲಿ ನಾಣ್ಯ ಕಳೆದುಕೊಂಡ ಹೆಂಗಸು ದೀಪ ಹಚ್ಚಿ ಮನೆಯೆಲ್ಲ ಗುಡಿಸಿದಳು. ಕೀಲಿಕೈಗೆ ಪ್ರಾರ್ಥನೆ ಮಾಡುತ್ತಲೇ ಮಂಚದ ಕೆಳಗೂ ನೋಡಿ. ನೆಗಡಿ ಜಾಸ್ತಿಯಾದರೆ ಡಾಕ್ಟರ ಹತ್ತಿರ ಹೋಗಿ. ಮಾತಾಡುವ ಮುಂಚೆ ಚೆನ್ನಾಗಿ ತಯಾರಿ ಮಾಡಿಕೊಳ್ಳಿ.

ಕೆಲವರ ಕಷ್ಟ ಬೇರೆ ತರಹದ್ದು, ಅದನ್ನೂ ಹೇಳಬೇಕು. ಸಣ್ಣ ಸಣ್ಣದಕ್ಕೂ ಪ್ರಾರ್ಥನೆ ಮಾಡದಿದ್ದರೆ ಏನೋ ಕೆಟ್ಟದಾಗುತ್ತದೆ ಎಂಬ ಹೆದರಿಕೆ. ಒಂದು ಪದ ತಪ್ಪಿದರೆ ಮೊದಲಿನಿಂದ ಮತ್ತೆ ಹೇಳಬೇಕು, ಹತ್ತು ಸಲ, ಇಪ್ಪತ್ತು ಸಲ. ಇಂಥವರು ನನ್ನ ಹತ್ತಿರ ಬಂದಿದ್ದಾರೆ. ಅದು ನಂಬಿಕೆ ಕಡಿಮೆಯಾದದ್ದಲ್ಲ, ಪಾಪವೂ ಅಲ್ಲ. ಮನಸ್ಸಿಗೆ ಬರುವ ಒಂದು ಕಾಯಿಲೆ ಹೀಗೂ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಆದರೆ ಇದನ್ನು ಓದುವ ಬೇರೆ ಯಾರಿಗಾದರೂ ಬೇಕಾಗಬಹುದು.

ಮತ್ತೆ ಶುರು ಮಾಡುವುದು ಹೇಗೆ? ಚಿಕ್ಕದಾಗಿ. ನೆಹೆಮೀಯನು ರಾಜನಿಗೆ ದ್ರಾಕ್ಷಾರಸ ತಂದುಕೊಡುವ ಕೆಲಸದಲ್ಲಿದ್ದ. ರಾಜ, ನಿನಗೆ ಏನು ಬೇಕು ಎಂದು ಕೇಳಿದ. ನೆಹೆಮೀಯ ದೇವರಿಗೆ ಪ್ರಾರ್ಥಿಸಿ ಉತ್ತರ ಕೊಟ್ಟ. ರಾಜನ ಪ್ರಶ್ನೆಗೂ ಇವನ ಉತ್ತರಕ್ಕೂ ನಡುವೆ ಎಷ್ಟು ಸಮಯ ಇದ್ದೀತು? ಒಂದು ಉಸಿರು. ಅಷ್ಟರಲ್ಲೇ ಅವನು ಪ್ರಾರ್ಥಿಸಿದ. ಅವನದೂ ಒಂದು ಆಫೀಸಿನ ಭಯವೇ ಅಲ್ವಾ, ದೊಡ್ಡವರ ಮುಂದೆ ನಿಂತು ಮಾತಾಡಬೇಕಾದ ಭಯ! ಆದರೆ ಗಮನಿಸಿ, ಆ ಒಂದು ಉಸಿರಿನ ಹಿಂದೆ ಉಪವಾಸ ಮತ್ತು ಕಣ್ಣೀರಿನ ಸುಮಾರು ನಾಲ್ಕು ತಿಂಗಳಿದ್ದವು. ದಿನದಲ್ಲಿ ದೇವರ ಮುಂದೆ ಸುಮ್ಮನೆ ಕೂರುವ ಹೊತ್ತು ಇದ್ದವರಿಗೆ ಈ ಚಿಕ್ಕ ಪ್ರಾರ್ಥನೆ ತಾನಾಗಿ ನಾಲಿಗೆಗೆ ಬರುತ್ತದೆ.

ಈಜಿಪ್ಟಿನ ಮರಳುಗಾಡಿನ ಸನ್ಯಾಸಿಗಳು ಇದನ್ನೇ ಒಂದು ಅಭ್ಯಾಸ ಮಾಡಿಕೊಂಡಿದ್ದರು. ದೇವರೇ, ನನ್ನನ್ನು ರಕ್ಷಿಸು, ಬೇಗ ಬಂದು ಸಹಾಯ ಮಾಡು ಎಂಬ ಕೀರ್ತನೆ 70ರ ಮೊದಲ ವಚನವನ್ನು ಎಲ್ಲದಕ್ಕೂ ಹೇಳುತ್ತಿದ್ದರಂತೆ. ಊಟ ಸೇರದಿದ್ದರೂ ಅದೇ, ನಿದ್ದೆ ಬರದಿದ್ದರೂ ಅದೇ, ಸಿಟ್ಟು ಬಂದರೂ ಅದೇ. ಅವರ ಬಳಿ ಇದ್ದು ಕಲಿತ ಜಾನ್ ಕ್ಯಾಸಿಯನ್ ಇದನ್ನು ಬರೆದಿಟ್ಟಿದ್ದಾನೆ. 17ನೇ ಶತಮಾನದ ಪ್ಯಾರಿಸಿನಲ್ಲಿ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿ ಇದ್ದ. ಅವನಿಗೆ ಮಠದ ಅಡುಗೆಮನೆಯ ಕೆಲಸ, ಅದು ಅವನಿಗೆ ಇಷ್ಟವಿಲ್ಲದ ಕೆಲಸ. ಅಲ್ಲೇ ಪಾತ್ರೆಗಳ ಸದ್ದಿನ ನಡುವೆ ದೇವರ ಜೊತೆ ಮಾತಾಡಲು ಕಲಿತ. ಕೆಲಸದ ಹೊತ್ತು ಬೇರೆ, ಪ್ರಾರ್ಥನೆಯ ಹೊತ್ತು ಬೇರೆ ಎಂಬುದೇ ಅವನಿಗೆ ಉಳಿಯಲಿಲ್ಲ. ಇವರೆಲ್ಲ ದೇವರನ್ನು ಹಗುರವಾಗಿ ಕಂಡವರಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಕಣ್ಣು ಮುಚ್ಚಿದ ತಕ್ಷಣ ನಮ್ಮ ಕನ್ನಡ ಬದಲಾಗುತ್ತದೆ. “ಪರಲೋಕದಲ್ಲಿರುವ ಪರಿಶುದ್ಧನೂ ಮಹೋನ್ನತನೂ ಆದ ತಂದೆಯೇ” ಎಂದು ಶುರುವಾಗುತ್ತದೆ. ಆ ಮಾತುಗಳು ಸುಂದರವಾಗಿವೆ, ಆರಾಧನೆಯಲ್ಲಿ ನನಗೂ ಬೇಕು. ಆದರೆ ಅಷ್ಟು ಎತ್ತರದಿಂದ ಕೀಲಿಕೈಗೆ ಇಳಿಯುವುದು ಕಷ್ಟ. ಸಣ್ಣ ವಿಷಯಗಳನ್ನು ಮನೆಯಲ್ಲಿ ಮಾತಾಡುವ ಭಾಷೆಯಲ್ಲೇ ಹೇಳಿ. “ಅಪ್ಪಾ, ಕೀಲಿಕೈ ಎಲ್ಲಿಟ್ಟೆನೋ ನೆನಪಾಗ್ತಿಲ್ಲ, ತಡವಾಗ್ತಿದೆ, ಕೈಕಾಲು ಆಡ್ತಿಲ್ಲ.” ಯೇಸು ತಂದೆಯನ್ನು ‘ಅಬ್ಬಾ’ (ಅರಾಮಿಕ್ ಭಾಷೆಯಲ್ಲಿ ‘ಅಪ್ಪಾ’) ಎಂದು ಕರೆದದ್ದೂ ಮನೆಮಾತಿನಲ್ಲೇ.

ನಿಮ್ಮ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿ ಎಂದು ಪೇತ್ರ ಬರೆದಿದ್ದಾನೆ. ಆ ‘ಹಾಕಿ’ ಎಂಬ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನು ಒಂದೇ ಕಡೆ ಬರುತ್ತದೆ. ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಮೇಲೆ ಹಾಕಿದರಲ್ಲ, ಲೂಕ 19ರಲ್ಲಿ, ಅಲ್ಲಿ. ಮೈಮೇಲಿನದನ್ನು ತೆಗೆದು ಇನ್ನೊಂದರ ಬೆನ್ನಿಗೆ ಎಸೆಯುವುದು. ಅಷ್ಟು ಸರಳ ಕೆಲಸ. ಪೇತ್ರ ‘ದೊಡ್ಡ ಚಿಂತೆಯನ್ನೆಲ್ಲ’ ಎನ್ನಲಿಲ್ಲ, ಸುಮ್ಮನೆ ‘ಎಲ್ಲ’ ಎಂದ. ಪೌಲ ಕೂಡ ಸೆರೆಯಲ್ಲಿ ಕೂತು ಫಿಲಿಪ್ಪಿಯವರಿಗೆ ಬರೆಯುವಾಗ ‘ಸರ್ವವಿಷಯದಲ್ಲಿ’ ಎಂದೇ ಬರೆದ. ಬೇಡಿಕೆಯ ಜೊತೆ ಕೃತಜ್ಞತೆಯನ್ನೂ ಸೇರಿಸಲು ಹೇಳಿದ. ಅದಕ್ಕೆ ರಾತ್ರಿ ಮಲಗುವ ಮುಂಚೆ ಎರಡು ನಿಮಿಷ ತೆಗೆದಿಡಿ. ಬೆಳಿಗ್ಗೆಯಿಂದ ಏನೇನು ಕೇಳಿದೆ, ಏನಾಯಿತು ಎಂದು ಆತನ ಜೊತೆ ನೆನಪಿಸಿಕೊಳ್ಳಿ. ಸಿಕ್ಕಿದ್ದಕ್ಕೆ ಸ್ತೋತ್ರ ಹೇಳಿ. ಸಿಗದಿದ್ದಕ್ಕೆ ಬೇಸರವಾಗಿದ್ದರೆ ಆ ಬೇಸರವನ್ನೂ ಹೇಳಿ.

ಕೊನೆಗೆ ಆ ಹಿರಿಯರ ವಿಷಯ. ಅವರ ಜೊತೆ ವಾದಕ್ಕೆ ಹೋಗಬೇಡಿ. ಮುಂದಿನ ಕೂಟದಲ್ಲಿ ಅವರ ಪಕ್ಕ ಕೂತು, “ಅಣ್ಣಾ, ನಿಮಗಾಗಿ ನಾನು ಯಾವ ವಿಷಯಕ್ಕೆ ಪ್ರಾರ್ಥನೆ ಮಾಡಲಿ?” ಎಂದು ಕೇಳಿ. ಬಹುಶಃ ಮೊದಲು “ಏನೂ ಇಲ್ಲಮ್ಮ” ಎನ್ನುತ್ತಾರೆ. ಸ್ವಲ್ಪ ಹೊತ್ತು ಕಾಯಿರಿ. ಮಂಡಿ ನೋವು ಅಂತಲೋ, ಮಗ ಫೋನ್ ಮಾಡಿಲ್ಲ ಅಂತಲೋ ಏನಾದರೂ ಹೇಳಬಹುದು. ಹೇಳಿದರೆ ಅಲ್ಲೇ, ಆಗಲೇ ಅವರಿಗಾಗಿ ಪ್ರಾರ್ಥನೆ ಮಾಡಿ. ಮತ್ತೆ, ನೀವು ಅವತ್ತು ಆಫೀಸಿನಲ್ಲಿ ಮಾತಾಡಿದ್ದು ಏನಾಯಿತು ಅಂತ ಬರೆಯಲೇ ಇಲ್ಲ. ನನಗೆ ತಿಳಿದುಕೊಳ್ಳುವ ಆಸೆ ಇದೆ, ಪುರುಸೊತ್ತಾದಾಗ ಬರೆಯಿರಿ.